ಗ್ಲೈಸಿನ್ ಬಾಟ್ಲಿ ಮತ್ತು ನಮ್ಮ ಅಧ್ಯಕ್ಷರು

ರಸಾಯನಶಾಸ್ತ್ರ ಕಲಿಸುವವರ ಬದುಕಿನಲ್ಲಿ ನಗು ಎಲ್ಲಿಂದ ಬರಬೇಕು ಎಂದು ಕೇಳುವವರು ಹೊಸಪೇಟೆಯಲ್ಲಿ ಪಾಠ ಮಾಡಿದವರಲ್ಲ. ನಾನು ಮಾಡಿದ್ದೇನೆ, ಅದೂ ಅದಿರಿನ ಕಾಲದಲ್ಲಿ. ಬೇಡವೆಂದರೂ ವಾರಕ್ಕೊಂದು ಪ್ರಸಂಗ ತಾನಾಗಿಯೇ ನಡೆಯುತ್ತಿತ್ತು.

ನಮ್ಮದು ಸಂಡೂರು ರಸ್ತೆಗೆ ಮುಖ ಮಾಡಿದ ಖಾಸಗಿ ಪಿಯು ಕಾಲೇಜು. ಅದಿರಿಗೆ ಬೇಡಿಕೆ ಬಂದು ಊರಿಗೆ ಊರೇ ಲಾರಿ ಕೊಂಡ ವರ್ಷಗಳು ಅವು. ಲಾರಿಯ ಹಿಂದೆ ಲಾರಿ, ಅದರ ಹಿಂದೆ ಕೆಂಪು ಧೂಳು. ಹಂಪಿ ನೋಡಲು ಬಂದ ವಿದೇಶಿಯರು ರೈಲು ಇಳಿಯುವಾಗ ಬಿಳಿ ಅಂಗಿಯಲ್ಲಿರುತ್ತಿದ್ದರು, ಹಂಪಿ ಬಸ್ ಹತ್ತುವಾಗ ಕೆಂಪು ಅಂಗಿಯಲ್ಲಿ. ವಿಜಯನಗರದ ಕಾಲದ ಬಣ್ಣ ಎಂದು ಯಾರೋ ಪುಣ್ಯಾತ್ಮರು ಹೇಳಿ ಅವರಿಗೆ ಸಮಾಧಾನ ಮಾಡುತ್ತಿದ್ದರಂತೆ.

ನನ್ನ ಪ್ರಯೋಗಶಾಲೆ ರಸ್ತೆಯ ಪಕ್ಕದ ಉದ್ದನೆಯ ಕೋಣೆ. ಅದೇ ಅದರ ದೋಷ. ನಮ್ಮ ಕಾಲೇಜಿನ ಅಧ್ಯಕ್ಷರಿಗೆ ಹೊಸದಾಗಿ ಲಾರಿಗಳಾಗಿದ್ದವು, ಲಾರಿಗಳಿಗೆ ಟೈರ್ ಬೇಕಿತ್ತು, ಟೈರ್‌ಗಳಿಗೆ ಕೋಣೆ ಬೇಕಿತ್ತು. ಬಂದಾಗಲೆಲ್ಲ ಗೋಡೆಯಿಂದ ಗೋಡೆಗೆ ಹೆಜ್ಜೆ ಹಾಕಿ ಅಳೆಯುತ್ತಿದ್ದರು. "ಮೇಡಂ, ಈ ಟೇಬಲ್ ಎಲ್ಲಾ ತಗದ್ರ ಭಾಳ ಗಾಳಿ ಆಡ್ತೈತಿ ನೋಡ್ರಿ" ಎನ್ನುತ್ತಿದ್ದರು. ಆ ವರ್ಷ ಪ್ರಯೋಗಶಾಲೆಯ ಮಾನ್ಯತೆ ಮುಂದುವರಿಸಲು ತಪಾಸಣೆ ಇತ್ತು. ಮಾನ್ಯತೆ ಹೋದರೆ ವಿಜ್ಞಾನ ವಿಭಾಗ ಮುಚ್ಚುತ್ತದೆ, ನಾನು ಮನೆಗೆ ಹೋಗುತ್ತೇನೆ, ಟೈರ್ ಒಳಗೆ ಬರುತ್ತವೆ. ಆ ಕೋಣೆಯ ಒಂದೊಂದು ಬ್ಯೂರೆಟ್ಟನ್ನೂ ನಾನು ಕೈಯಾರೆ ತೊಳೆದಿದ್ದೆ. ಹೆದರಿಕೆಯಾಗಿತ್ತು, ಸುಳ್ಳು ಯಾಕೆ ಹೇಳಲಿ.

೧. ಮನವಿ ಕೊಟ್ಟವರು, ತೆಗೆದುಕೊಂಡವರು

ಅಧ್ಯಕ್ಷರ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಕಂಪ್ಲಿಯಲ್ಲಿ ಅವರಿಗೆ ಅಕ್ಕಿ ಗಿರಣಿ, ಕಬ್ಬಿನ ಗದ್ದೆ. ಹಾಗಾಗಿ ಬೆಳೆಗಾರರ ಸಮಿತಿಗೆ ಅವರೇ ಅಧ್ಯಕ್ಷರು. ಲಾರಿ ಕೊಂಡ ಮೇಲೆ ಲಾರಿ ಮಾಲೀಕರ ಸಂಘಕ್ಕೂ ಅವರೇ ಅಧ್ಯಕ್ಷರು. ನಡುವೆ ಬಿಡುವಾದಾಗ ನಮ್ಮ ಕಾಲೇಜಿಗೆ ಅಧ್ಯಕ್ಷರು. ಮೂರು ಕುರ್ಚಿ, ಒಂದೇ ದೇಹ.

ಅದಿರಿನ ಧೂಳು ಬೆಳೆಯ ಮೇಲೆ ಕೂರುತ್ತಿದೆ ಎಂದು ಬೆಳೆಗಾರರು ಒಮ್ಮೆ ಸಿಟ್ಟಿಗೆದ್ದರು. ಲಾರಿ ಸಂಘಕ್ಕೆ ಮನವಿ ಕೊಡುವುದೆಂದು ತೀರ್ಮಾನವಾಯಿತು. ನನ್ನ ಕೈಬರಹ ದುಂಡಗಿದೆ ಎಂಬ ಅಪರಾಧಕ್ಕೆ ಮನವಿ ಬರೆಯುವ ಶಿಕ್ಷೆ ನನಗೆ. ಬರೆದ ತಪ್ಪಿಗೆ ಜೊತೆಯಲ್ಲೂ ಹೋದೆ. ಅಧ್ಯಕ್ಷರು ಹೆಗಲ ಮೇಲೆ ಹಸಿರು ಟವೆಲ್ ಹಾಕಿಕೊಂಡು ಮುಂದೆ, ನಾವೆಲ್ಲ ಹಿಂದೆ. ದಾರಿಯುದ್ದಕ್ಕೂ ಲಾರಿಯವರನ್ನು ಅವರು ಬೈದ ಬೈಗುಳವನ್ನು ಇಲ್ಲಿ ಬರೆಯುವ ಹಾಗಿಲ್ಲ.

ಲಾರಿ ಸಂಘದ ಆಫೀಸಿನಲ್ಲಿ ಕಾವಲುಗಾರನೊಬ್ಬನೇ ಇದ್ದ. "ಅಧ್ಯಕ್ಷರಿಲ್ರಿ" ಎಂದ.

"ಅದಾರ, ಅದಾರ" ಎನ್ನುತ್ತ ನಮ್ಮ ಅಧ್ಯಕ್ಷರು ಮೇಜು ಸುತ್ತಿ ಆಚೆ ಕಡೆಗೆ ಹೋದರು. ಹಸಿರು ಟವೆಲ್ ತೆಗೆದು ಮಡಚಿ ಡ್ರಾದಲ್ಲಿಟ್ಟರು. ಕುರ್ಚಿಯಲ್ಲಿ ಕೂತು, ಕನ್ನಡಕ ಹಾಕಿಕೊಂಡು, "ಏನ್ರಪ್ಪಾ, ಏನು ನಿಮ್ ತೊಂದ್ರಿ? ಕೊಡ್ರಿ ಇಲ್ಲೆ" ಎಂದು ನನ್ನ ಕೈಯಿಂದ ಮನವಿ ತೆಗೆದುಕೊಂಡರು. ಪೂರ್ತಿ ಓದಿದರು. "ಲಾರಿ ಮಾಲೀಕರಿಗೂ ಹೊಟ್ಟಿ ಐತಿ. ಆದ್ರೂ ಗಂಭೀರವಾಗಿ ಪರಿಶೀಲಿಸ್ತೀವಿ" ಎಂದು ಸ್ವೀಕೃತಿ ಸಹಿ ಹಾಕಿದರು.

ಮತ್ತೆ ಎದ್ದು, ಡ್ರಾದಿಂದ ಟವೆಲ್ ತೆಗೆದು ಹೆಗಲಿಗೇರಿಸಿ, ಮೇಜು ಸುತ್ತಿ ನಮ್ಮ ಕಡೆಗೆ ಬಂದರು. "ಕೇಳಿದ್ರಲ್ಲ? ಭರವಸೆ ಕೊಟ್ಟಾರ. ನಡ್ರಿ, ಚಾ ಕುಡಿಯೋಣು."

ಮರುದಿನ ತರಗತಿಯಲ್ಲಿ ಅಮೈನೋ ಆಮ್ಲದ ಪಾಠ. ಇದರ ಅಣುವಿನ ಒಂದು ತುದಿಯಲ್ಲಿ ಆಮ್ಲದ ಗುಂಪು, ಇನ್ನೊಂದು ತುದಿಯಲ್ಲಿ ಪ್ರತ್ಯಾಮ್ಲದ ಗುಂಪು. ಎದುರಿಗೆ ಆಮ್ಲ ಬಂದರೆ ಅದರಿಂದ ಪ್ರೋಟಾನ್ ಇಸಿದುಕೊಂಡು ಪ್ರತ್ಯಾಮ್ಲದಂತೆ ವರ್ತಿಸುತ್ತದೆ. ಎದುರಿಗೆ ಪ್ರತ್ಯಾಮ್ಲ ಬಂದರೆ ತನ್ನ ಪ್ರೋಟಾನ್ ಕೊಟ್ಟು ಆಮ್ಲವಾಗುತ್ತದೆ. ಇಂಥದ್ದಕ್ಕೆ ಉಭಯಧರ್ಮಿ ಎನ್ನುತ್ತಾರೆ. ದ್ರಾವಣಕ್ಕೆ ಎರಡು ವಿದ್ಯುತ್ ತಂತಿ ಇಳಿಬಿಟ್ಟರೆ, ಆಮ್ಲದಲ್ಲಿದ್ದಾಗ ಒಂದು ತಂತಿಯತ್ತ ಓಡುತ್ತದೆ, ಪ್ರತ್ಯಾಮ್ಲದಲ್ಲಿದ್ದಾಗ ಇನ್ನೊಂದರತ್ತ. ನಡುವೆ ಒಂದು ಬಿಂದುವಿದೆ. ಅಲ್ಲಿ ಎರಡೂ ಕಡೆಯ ಸೆಳೆತ ಸಮ, ಆಗ ಅದು ಯಾವ ಕಡೆಗೂ ಕದಲುವುದಿಲ್ಲ. ಇಷ್ಟನ್ನು ಬೋರ್ಡಿನ ಮೇಲೆ ಬರೆದು ತಿರುಗಿದೆ.

ಮುಂದಿನ ಬೆಂಚಿನಲ್ಲಿ ಕಂಪ್ಲಿಯ ಹುಡುಗಿಯೊಬ್ಬಳು ಕೂರುತ್ತಿದ್ದಳು. ಅವಳ ಅಪ್ಪ ಕಬ್ಬು ಬೆಳೆದು ಆಲೆಮನೆ ನಡೆಸುವವರು, ಹಿಂದಿನ ದಿನ ಮನವಿ ಕೊಡಲು ನಮ್ಮ ಜೊತೆಗಿದ್ದವರು. ಹುಡುಗಿ ಎದ್ದು ನಿಂತಳು.

"ಮೇಡಂ, ಇದನ್ನ ನಿನ್ನೆ ನಮ್ಮಪ್ಪ ಮನಿಯಾಗ ಹೇಳಿದ್ರಿ. ಅಣು ಅನ್ನಲಿಲ್ಲ ಅಷ್ಟ. ಬ್ಯಾರೆ ಏನೋ ಅಂದ್ರು."

೨. ಎಲ್ಲ ಕೆಂಪು

ಆಮ್ಲ ಯಾವುದು, ಪ್ರತ್ಯಾಮ್ಲ ಯಾವುದು ಎಂದು ಕಂಡುಹಿಡಿಯುವ ಸುಲಭದ ಪ್ರಯೋಗವನ್ನು ನಾಡಿನ ಎಲ್ಲ ಮಕ್ಕಳೂ ಮಾಡುತ್ತಾರೆ. ನೀಲಿ ಲಿಟ್ಮಸ್ ಕಾಗದ ಆಮ್ಲದಲ್ಲಿ ಕೆಂಪಾಗುತ್ತದೆ. ಅರಿಸಿನದ ಕಾಗದ ಪ್ರತ್ಯಾಮ್ಲದಲ್ಲಿ ಕೆಂಪಾಗುತ್ತದೆ. ಅರಿಸಿನಕ್ಕೆ ಸುಣ್ಣ ಕಲಸಿ ಆರತಿ ಮಾಡುವ ನಾಡಿನಲ್ಲಿ ಇದನ್ನು ವಿವರಿಸಬೇಕಾಗಿಲ್ಲ.

ಅರಿಸಿನದ ಕಾಗದ ಮಾಡುವುದು ನಮ್ಮ ಅಟೆಂಡರ್ ಅಣ್ಣನ ಕೆಲಸ. ನನಗಿಂತ ಹಿರಿಯ, ನನಗಿಂತ ಮೊದಲು ಆ ಪ್ರಯೋಗಶಾಲೆಗೆ ಬಂದವನು, ನಾನು ಹೇಳಿದ್ದರಲ್ಲಿ ಅರ್ಧವನ್ನು ಮಾತ್ರ ನಂಬುವವನು. ಆ ಸಲ ಬಹಳ ಶ್ರದ್ಧೆಯಿಂದ ಕಾಗದವನ್ನು ಅರಿಸಿನದಲ್ಲಿ ಅದ್ದಿದ. ಲಿಟ್ಮಸ್ ಕೂಡ ತಂಪಿಗೆ ಮೆತ್ತಗಾಗಿದೆ ಎಂದುಕೊಂಡು ಎರಡನ್ನೂ ಒಣಗಿಸಲು ಹಗ್ಗ ಕಟ್ಟಿದ. ಎಲ್ಲಿ ಅಂದರೆ, ಗಾಳಿ ಚೆನ್ನಾಗಿ ಬೀಸುತ್ತದೆ ಎಂದು ರಸ್ತೆಯ ಕಡೆಯ ಕಿಟಕಿಗೆ.

ಪ್ರಯೋಗ ಶುರುವಾಯಿತು. ನಿಂಬೆರಸಕ್ಕೆ ಕಾಗದ ಅದ್ದಿದರೆ ಎರಡೂ ಕೆಂಪು. ಸೋಪಿನ ನೀರಿಗೆ ಅದ್ದಿದರೆ ಎರಡೂ ಕೆಂಪು. ಉಪ್ಪಿನ ನೀರು, ಸಕ್ಕರೆ ನೀರು, ನಲ್ಲಿಯ ನೀರು, ಎಲ್ಲದರಲ್ಲೂ ಎರಡೂ ಕೆಂಪು. ಮಕ್ಕಳು ಹಿಂದಿನ ವಾರದ ಪಾಠವನ್ನು ಮರೆತಿರಲಿಲ್ಲ. ನಲವತ್ತು ರೆಕಾರ್ಡ್ ಪುಸ್ತಕಗಳಲ್ಲಿ ಒಂದೇ ಫಲಿತಾಂಶ: ಕೊಟ್ಟ ವಸ್ತು ಉಭಯಧರ್ಮಿ.

ನಾನು ಹೌಹಾರಿದೆ. ನೀರು ಉಭಯಧರ್ಮಿ ಎನ್ನುವುದೇನೋ ನಿಜ, ಆದರೆ ಅದನ್ನು ಕಾಗದದಲ್ಲಿ ತೋರಿಸಿದವರು ಜಗತ್ತಿನಲ್ಲಿ ಯಾರೂ ಇಲ್ಲ. ಒದ್ದೆಯಾದ ಕಾಗದವನ್ನು ಬೆರಳಿನಿಂದ ಉಜ್ಜಿದೆ. ಬೆರಳೂ ಕೆಂಪಾಯಿತು.

"ಅಣ್ಣಾ, ಇದು ಅದಿರಿನ ಧೂಳು! ಒಣಗಿಸೋಕೆ ಬೇರೆ ಜಾಗ ಸಿಗಲಿಲ್ವಾ?"

ಅವನು ನನ್ನನ್ನು ಕನಿಕರದಿಂದ ನೋಡಿದ. "ಈ ಊರಾಗ ಧೂಳಿಲ್ಲದ ಜಾಗ ಇದ್ರ ಹೇಳ್ರಿ ಮೇಡಂ, ಕಾಗದ ಬಿಡ್ರಿ, ಹೆಂಡ್ರು ಮಕ್ಕಳನ್ನ ಕರ್ಕೊಂಡು ಅಲ್ಲೇ ಹೋಗಿ ಇರ್ತೀನಿ."

೩. ಒಂದೇ ರಾಶಿ, ಎರಡು ಗುಣ

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತೋರಣಗಲ್ಲಿನ ದಾರಿಯಲ್ಲಿ ಅದಿರು ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ್ದ. ಕಾಲೇಜಿನಲ್ಲಿ ಟೈಟ್ರೇಷನ್ ಮಾಡಿದರೆ ಒಂದೇ ದ್ರಾವಣಕ್ಕೆ ಮೂರು ಸಲ ಮೂರು ಥರದ ರೀಡಿಂಗ್ ತರುತ್ತಿದ್ದ ಮಹಾನುಭಾವ. ನಿನಗೆ ಯಾವ ಲ್ಯಾಬಿನಲ್ಲೂ ಕೆಲಸ ಸಿಗಲ್ಲ ಎಂದು ಬೈದಿದ್ದೆ. ಆ ಮಾತು ಅವನಿಗೆ ನೆನಪಿತ್ತು, ಅದಕ್ಕೇ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವನು ಒತ್ತಾಯ ಮಾಡಿ ತನ್ನ ಬೈಕಿನಲ್ಲಿ ಲ್ಯಾಬ್ ತೋರಿಸಲು ಕರೆದೊಯ್ದ.

ಅವನ ಮೇಜಿನ ಮೇಲೆ ಎರಡು ವರದಿಗಳಿದ್ದವು. ಒಂದರಲ್ಲಿ ಅದಿರು ಉತ್ತಮ ದರ್ಜೆ, ಇನ್ನೊಂದರಲ್ಲಿ ಕಳಪೆ ದರ್ಜೆ. ಎರಡಕ್ಕೂ ಅವನದೇ ಸಹಿ.

"ಯಾವ್ಯಾವ ಗಣಿಯದು?" ಎಂದು ಕೇಳಿದೆ.

"ಒಂದ ಗಣಿ, ಒಂದ ರಾಶಿ ರಿ. ಇದು ಮಾರೋರು ಕೇಳಿದ್ದು, ಇದು ಕೊಳ್ಳೋರು ಕೇಳಿದ್ದು."

"ಅಯ್ಯೋ, ಒಂದೇ ರಾಶಿಗೆ ಎರಡು ಗುಣ ಹೇಗಪ್ಪಾ ಇರುತ್ತೆ?"

ಅವನಿಗೆ ನಿಜವಾಗಿಯೂ ಬೇಸರವಾಯಿತು. ಗುರುವೇ ಪಾಠ ಮರೆತರೆ ಶಿಷ್ಯನಿಗೆ ಆಗುವ ಬೇಸರ. "ಏನ್ರಿ ಮೇಡಂ, ನೀವ ಕಲಿಸಿದ್ದು! ಗುಣ ಅನ್ನೋದು ಎದುರಿಗೆ ಯಾರದಾರ ಅನ್ನೋದರ ಮ್ಯಾಲ ಅಂತ ಬೋರ್ಡಿನ ತುಂಬ ಬರದಿದ್ರಿ. ನಾ ನಿಮ್ಮ ಕ್ಲಾಸಿನಾಗ ಕಲ್ತದ್ದು ಅದೊಂದ, ಅದ ಅನ್ನ ಹಾಕಾಕತ್ತೈತಿ."

ಮೂರು ಥರದ ರೀಡಿಂಗ್ ತರುವ ಗುಣಕ್ಕೆ ಇಷ್ಟು ಬೆಲೆ ಇದೆಯೆಂದು ನನಗೆ ಮೊದಲೇ ಗೊತ್ತಿದ್ದರೆ ಅವನಿಗೆ ಆಗ ರ‍್ಯಾಂಕ್ ಕೊಡುತ್ತಿದ್ದೆ.

೪. ಸಕ್ಕರೆ ಇಲ್ಲದ ಸಿಹಿ

ಅಧ್ಯಕ್ಷರಿಗೆ ಸಕ್ಕರೆ ಕಾಯಿಲೆ. ಆದರೆ ಸಪ್ಪೆ ಚಹಾ ಕೊಟ್ಟರೆ ಅವರು ಕಪ್ಪಿನೊಳಗೆ ನೋಡುವ ನೋಟವನ್ನು ನೋಡಲಾಗುತ್ತಿರಲಿಲ್ಲ. ಒಂದು ದಿನ ಅವರು ಪ್ರಯೋಗಶಾಲೆ ಅಳೆಯಲು ಬಂದಾಗ ಅಟೆಂಡರ್ ಅಣ್ಣ ಚಹಾ ಕೊಟ್ಟ. ಕುಡಿದು ಅವರ ಮುಖ ಅರಳಿತು.

"ಏನಪ್ಪಾ, ಸಕ್ಕರಿ ಹಾಕಿಯೇನು?"

"ಇಲ್ರಿ ಸಾಹೇಬ್ರ, ಒಂದು ಕಾಳೂ ಇಲ್ಲ."

"ಮಸ್ತ್ ಐತಲ್ಲೋ!" ಎಂದು ಇನ್ನೊಂದು ಕಪ್ ತರಿಸಿಕೊಂಡರು. ಅಂದಿನಿಂದ ಬರುವುದು ಹೆಚ್ಚಾಯಿತು. ನನಗೆ ಯಾವ ಗುಮಾನಿಯೂ ಬರಲಿಲ್ಲ, ಏಕೆಂದರೆ ಅದೇ ದಿನ ಅದಕ್ಕಿಂತ ದೊಡ್ಡ ಸುದ್ದಿ ಬಂತು. ಅಧ್ಯಕ್ಷರು ಹೋದ ಮೇಲೆ ಅಟೆಂಡರ್ ಅಣ್ಣ ಬಾಗಿಲು ಮುಂದೆ ಮಾಡಿ ಹತ್ತಿರ ಬಂದ.

"ಮೇಡಂ, ಅಧ್ಯಕ್ಷರು ಇಲಾಖೆಗೆ ಎರಡು ಪತ್ರ ಬರದಾರ್ರಿ. ನಾನ ಪೋಸ್ಟ್ ಮಾಡಿ ಬಂದೆ. ಕಾಲೇಜಿನ ಲೆಟರ್‌ಹೆಡ್ಡಿನಾಗ, ನಮ್ಮ ಲ್ಯಾಬ್ ಭಾಳ ಚಲೋ ಐತಿ, ಮಾನ್ಯತೆ ಕೊಡ್ರಿ ಅಂತ. ಲಾರಿ ಸಂಘದ ಲೆಟರ್‌ಹೆಡ್ಡಿನಾಗ, ಲಾರಿ ಧೂಳಿಂದ ಮಕ್ಕಳ ಆರೋಗ್ಯ ಕೆಡಾಕತ್ತೈತಿ, ಲ್ಯಾಬ್ ಮುಚ್ಚಿಸ್ರಿ ಅಂತ."

ಧೂಳಿನಿಂದ ಮಕ್ಕಳ ಆರೋಗ್ಯ ಕೆಡುತ್ತದೆ ಎಂದು ಲಾರಿ ಮಾಲೀಕರು ಕಣ್ಣೀರಿಟ್ಟದ್ದು ಜಿಲ್ಲೆಯ ಇತಿಹಾಸದಲ್ಲಿ ಅದೇ ಮೊದಲಿರಬೇಕು. ನನಗೂ ಕಣ್ಣೀರು ಬಂತು, ಕಾರಣ ಬೇರೆ.

"ನೀನು ಪತ್ರಗಳನ್ನ ಓದಿದೆಯಾ?" ಎಂದೆ.

"ಛೇ, ಮಂದಿ ಪತ್ರ ನಾ ಯಾಕ ಓದ್ಲಿ? ಅಂಟು ಸರಿ ಹತ್ತಿರಲಿಲ್ಲ, ಬಿಚ್ಚಿ ಹಚ್ಚಿದೆ ಅಷ್ಟ."

೫. ಆಲೆಮನೆಯ ಪ್ರೊಫೆಸರ್

ಭಾನುವಾರ ಬಸ್ ಹತ್ತಿ ಕಂಪ್ಲಿಗೆ ಹೋದೆ. ಮುಂದಿನ ಬೆಂಚಿನ ಹುಡುಗಿಯ ಅಪ್ಪ ಆಲೆಮನೆಯಲ್ಲಿದ್ದರು. ದೊಡ್ಡ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು.

"ಬರ್ರಿ ಟೀಚರಮ್ಮ, ಕುಂದ್ರಿ" ಎಂದು ಕಬ್ಬಿನ ಹಾಲು ಕೊಟ್ಟರು. ನಾನು ಎಲ್ಲವನ್ನೂ ಹೇಳುತ್ತಿರುವಾಗಲೇ ಅವರು ಕೊಪ್ಪರಿಗೆಗೆ ಸುಣ್ಣದ ತಿಳಿ ಹಾಕಿದರು. ಸೌಟಿನಲ್ಲಿ ಎತ್ತಿ ನೋಡಿ, ಇನ್ನೊಂದು ಚೂರು ಹಾಕಿದರು.

"ಎಷ್ಟು ಹಾಕಬೇಕು ಅಂತ ಹೇಗೆ ಗೊತ್ತಾಗುತ್ತೆ?" ಎಂದೆ. ಅಭ್ಯಾಸಬಲ, ಊರು ಮುಳುಗಿದರೂ ಪ್ರಶ್ನೆ ಕೇಳುತ್ತೇನೆ.

"ಹಾಲಿನಾಗ ಹುಳಿ ಇದ್ರ ಬೆಲ್ಲ ಗಟ್ಟಿ ಆಗಂಗಿಲ್ರಿ. ಸುಣ್ಣ ಆ ಹುಳಿ ಮುರೀತೈತಿ. ಸುಣ್ಣ ಹೆಚ್ಚಾದ್ರ ಬೆಲ್ಲ ಕಪ್ಪಾಗ್ತೈತಿ. ಎರಡೂ ಸಮಾ ಇರಬೇಕು." ಸ್ವಲ್ಪ ಯೋಚಿಸಿ ಕೇಳಿದರು: "ನೀವು ನನ್ನ ಮಗಳಿಗೆ ಎರಡು ವರ್ಷ ಕಲಿಸೋದು ಇದನ್ನ ಏನ್ರಿ?"

"ಹೆಚ್ಚುಕಮ್ಮಿ ಇದನ್ನೇ."

"ಎರಡು ವರ್ಷ ಬೇಕ?"

ನಾನು ಕಬ್ಬಿನ ಹಾಲಿನ ಲೋಟದ ಕಡೆ ನೋಡಿದೆ. ಅವರೇ ನನ್ನನ್ನು ಆ ಸಂಕಟದಿಂದ ಬಿಡಿಸಿದರು. "ನಮ್ಮ ಅಧ್ಯಕ್ಷರನ್ನ ನಾ ಮೂವತ್ತು ವರ್ಷದಿಂದ ಬಲ್ಲೆ. ಕೆಟ್ಟ ಮನಶಾ ಅಲ್ಲ. ಎದುರಿಗೆ ನಾವಿದ್ರ ನಮ್ಮವರು, ಅವರಿದ್ರ ಅವರವರು. ತಪಾಸಣಿ ದಿನ ನಾವು ಐದು ಮಂದಿ ಬಂದು ಬೆಂಚಿನ ಮ್ಯಾಲ ಕುಂದರ್ತೀವಿ. ಏನೂ ಮಾತಾಡಂಗಿಲ್ಲ. ನಮ್ಮ ಮಕಾ ನೋಡಿದ್ರ ಸಾಕು, ಲ್ಯಾಬ್ ನನ್ನ ಜೀವ ಅಂತಾರ."

ಹದಿನೇಳು ವರ್ಷ ಓದಿ, ಹನ್ನೊಂದು ವರ್ಷ ಕಲಿಸಿ, ಈ ಪ್ರಯೋಗ ನನಗೆ ಹೊಳೆದಿರಲಿಲ್ಲ. ವಾಪಸು ಬರುವಾಗ ಅವರು ಒಂದು ಅಚ್ಚು ಬೆಲ್ಲ ಕಟ್ಟಿಕೊಟ್ಟರು. "ಗುರುದಕ್ಷಿಣೆ ಶಿಷ್ಯ ಕೊಡಬೇಕ್ರಿ, ಇಲ್ಲಿ ನಾನ ಕೊಡಾಕತ್ತೀನಿ" ಎಂದು ನಕ್ಕರು.

೬. ತಪಾಸಣೆ

ತಪಾಸಣಾಧಿಕಾರಿಗಳು ಬೆಳಗ್ಗೆ ಹತ್ತಕ್ಕೆ ಬಂದರು. ನೆರೆತ ಕೂದಲು, ನಗದ ಮುಖ, ಕೈಯಲ್ಲಿ ಫೈಲು. ಬಲಗಡೆಯ ಬೆಂಚಿನಲ್ಲಿ ಆಲೆಮನೆಯವರೂ ಇನ್ನು ನಾಲ್ವರು ಬೆಳೆಗಾರರೂ ಬಿಳಿ ಪಂಚೆಯಲ್ಲಿ ಸಾಲಾಗಿ ಕೂತಿದ್ದರು. ಒಳಗೆ ಬಂದ ಅಧ್ಯಕ್ಷರು ಅವರನ್ನು ಕಂಡು ಒಂದು ಕ್ಷಣ ನಿಂತರು. ಆಮೇಲೆ ಪ್ರಯೋಗ ಪುಸ್ತಕದಲ್ಲಿ ಬರೆದ ಹಾಗೇ ನಡೆಯಿತು.

"ಸಾಹೇಬ್ರ, ಈ ಲ್ಯಾಬ್ ಅಂದ್ರ ನನ್ನ ಉಸುರು. ರೈತರ ಮಕ್ಕಳು ಕಲೀಬೇಕು ಅಂತ..." ಎಂದು ಶುರು ಮಾಡಿದರು. ಆಲೆಮನೆಯವರು ನನ್ನ ಕಡೆ ನೋಡಲಿಲ್ಲ, ಮೀಸೆಯನ್ನು ಮಾತ್ರ ಒರೆಸಿಕೊಂಡರು.

ಅಟೆಂಡರ್ ಅಣ್ಣ ಎಲ್ಲರಿಗೂ ಚಹಾ ಕೊಟ್ಟ. ಅಧಿಕಾರಿಗಳು ಒಂದು ಗುಟುಕು ಕುಡಿದು, "ಚೆನ್ನಾಗಿದೆ" ಎಂದರು. ನಂತರ ಕಂಪ್ಲಿಯ ಹುಡುಗಿಯನ್ನು ಕರೆದು, "ಉಭಯಧರ್ಮಿ ಅಂದರೇನು, ಪ್ರಯೋಗ ಮಾಡಿ ತೋರಿಸಮ್ಮ" ಎಂದರು.

ನನಗೆ ಕುಣಿಯುವಷ್ಟು ಖುಷಿ. ಅದನ್ನೇ ಹತ್ತು ಸಲ ಮಾಡಿಸಿದ್ದೆ. ಬಣ್ಣದ ಸೂಚಕ ಬೆರೆಸಿದ ಬರಿಯ ನೀರಿಗೆ ಒಂದು ಹನಿ ಆಮ್ಲ ಹಾಕಿದರೂ ಬಣ್ಣ ತಿರುಗುತ್ತದೆ. ಗ್ಲೈಸಿನ್ ಎಂಬ ಅಮೈನೋ ಆಮ್ಲ ಕರಗಿಸಿದ ನೀರು ಹನಿಯ ಮೇಲೆ ಹನಿ ನುಂಗುತ್ತದೆ, ಆಮ್ಲವನ್ನೂ, ಪ್ರತ್ಯಾಮ್ಲವನ್ನೂ. ಹುಡುಗಿ ಕಪಾಟು ತೆರೆದು ಗ್ಲೈಸಿನ್ ಬಾಟ್ಲಿ ಎತ್ತಿದಳು. ಬಾಟ್ಲಿ ಖಾಲಿ.

"ಅಣ್ಣಾ, ಗ್ಲೈಸಿನ್ ಎಲ್ಲಿ?" ಎಂದೆ.

ಅಟೆಂಡರ್ ಅಣ್ಣ ತಲೆ ತಗ್ಗಿಸಿದ. "ನೀವ ಪಾಠದಾಗ ಹೇಳಿದ್ರಲ್ರಿ, ಅದು ನಾಲಿಗಿಗೆ ಸಿಹಿ, ಹೆಸರಿನ ಅರ್ಥನೂ ಅದ ಅಂತ. ಅಧ್ಯಕ್ಷರಿಗೆ ಸಕ್ಕರಿ ಬ್ಯಾಡಲ್ರಿ, ಪಾಪ..."

"ಅಂದರೆ?"

"ಉಳಿದದ್ದು ಈಗ ಸಾಹೇಬ್ರ ಕೈಯಾಗ ಐತ್ರಿ."

ಅಧಿಕಾರಿಗಳು ಕಪ್ಪನ್ನು ಬಹಳ ಮೆಲ್ಲಗೆ ಮೇಜಿನ ಮೇಲಿಟ್ಟರು. ಅಧ್ಯಕ್ಷರು ತಮ್ಮ ಎರಡನೆಯ ಕಪ್ಪನ್ನು ಅರ್ಧಕ್ಕೆ ನಿಲ್ಲಿಸಿದರು. "ಅದು ನಮ್ಮ ದೇಹದಲ್ಲೂ ಇರುವುದೇ ಸರ್" ಎಂದೆ ನಾನು. ಬೇರೆ ಏನು ಹೇಳಲಿ? ಪ್ರಯೋಗಶಾಲೆಯ ಬಾಟ್ಲಿಯನ್ನು ಬಾಯಿಗಿಡಬಾರದು ಎಂದು ಮೊದಲ ದಿನವೇ ಕಲಿಸುವವಳು ನಾನು. ಹನ್ನೊಂದು ವರ್ಷದ ನನ್ನ ದುಡಿಮೆ ಒಂದು ಕಪ್ ಚಹಾದಲ್ಲಿ ಕರಗಿ ಹೋಯಿತು ಎಂದುಕೊಂಡೆ.

ಅದೇ ಹೊತ್ತಿಗೆ ಬಾಗಿಲು ತೆರೆಯಿತು. ಲಾರಿ ಸಂಘದ ಐವರು ಒಳಬಂದರು. ಧೂಳಿನ ತೊಂದರೆ ಹೇಳಲು ಅಧ್ಯಕ್ಷರೇ ಬರಹೇಳಿದ್ದರಂತೆ. ಬಲಗಡೆ ಜಾಗವಿಲ್ಲದೆ ಎಡಗಡೆಯ ಬೆಂಚಿನಲ್ಲಿ ಕೂತರು. ಅಧ್ಯಕ್ಷರ ಕುರ್ಚಿ ಸರಿಯಾಗಿ ನಡುವೆ.

ಅಧಿಕಾರಿಗಳು ಫೈಲಿನಿಂದ ಎರಡು ಪತ್ರ ತೆಗೆದು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. "ಒಂದರಲ್ಲಿ ಈ ಪ್ರಯೋಗಶಾಲೆ ಉಳಿಯಬೇಕು ಅಂತಿದೆ, ಇನ್ನೊಂದರಲ್ಲಿ ಮುಚ್ಚಬೇಕು ಅಂತಿದೆ. ಎರಡಕ್ಕೂ ನಿಮ್ಮ ಸಹಿ. ನಾನು ಯಾವುದನ್ನು ನಂಬಲಿ ಅಧ್ಯಕ್ಷರೇ? ಇಲ್ಲೇ ಹೇಳಿ, ಎಲ್ಲರೂ ಇದ್ದಾರೆ."

ಅಧ್ಯಕ್ಷರು ಬಲಕ್ಕೆ ನೋಡಿದರು. ಐದು ಬಿಳಿ ಪಂಚೆ. ಬಾಯಿ ತೆರೆದರು. ಎಡಕ್ಕೆ ನೋಡಿದರು. ಐದು ಸಫಾರಿ ಅಂಗಿ. ಬಾಯಿ ಮುಚ್ಚಿದರು. ಆಮೇಲೆ ಯಾವ ಕಡೆಗೂ ನೋಡಲಿಲ್ಲ. ಎರಡೂ ಕೈಯಲ್ಲಿ ಕುರ್ಚಿಯ ಹಿಡಿಕೆ ಹಿಡಿದು, ಎದುರಿನ ಗೋಡೆಯನ್ನು ದಿಟ್ಟಿಸುತ್ತಾ, ರೆಪ್ಪೆಯನ್ನೂ ಬಡಿಯದೆ ಕೂತುಬಿಟ್ಟರು. ಹೊರಗೆ ಲಾರಿಗಳು ಹೋಗುತ್ತಲೇ ಇದ್ದವು.

ಕಂಪ್ಲಿಯ ಹುಡುಗಿ ಖಾಲಿ ಬಾಟ್ಲಿ ಹಿಡಿದು ಇನ್ನೂ ಅಲ್ಲೇ ನಿಂತಿದ್ದಳು. ಪರೀಕ್ಷೆ ಮುಗಿಯಿತು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಬಲಕ್ಕೆ ನೋಡಿದಳು, ಎಡಕ್ಕೆ ನೋಡಿದಳು, ನಡುವೆ ನೋಡಿದಳು. ಅವಳ ಮುಖ ಬೆಳಗಿತು.

"ಸರ್, ಪ್ರಯೋಗ ಆತ್ರಿ! ಗ್ಲೈಸಿನ್ ಬ್ಯಾಡ! ಬಲಕ್ಕೊಂದು ತಂತಿ, ಎಡಕ್ಕೊಂದು ತಂತಿ. ಎರಡೂ ಕಡಿ ಸೆಳೆತ ಸಮ. ಮೇಡಂ ಹೇಳಿದ ಕದಲದ ಬಿಂದು ಇದ ಅಲ್ರಿ?"

ಮೊದಲು ನಕ್ಕವರು ಆಲೆಮನೆಯವರು. ಆಮೇಲೆ ಲಾರಿಯವರು. ಕೊನೆಗೆ ಆ ನಗದ ಅಧಿಕಾರಿಗಳು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಕದಲದೆ ಉಳಿದವರು ಅಧ್ಯಕ್ಷರೊಬ್ಬರೇ. ವರದಿಯಲ್ಲಿ ಅಧಿಕಾರಿಗಳು ಬರೆದದ್ದನ್ನು ನಾನು ಮೇಜಿನ ಈಚೆಯಿಂದ ತಲೆಕೆಳಗಾಗಿಯೇ ಓದಿದೆ: "ಪ್ರಾತ್ಯಕ್ಷಿಕೆ ಅತ್ಯಂತ ತೃಪ್ತಿಕರ. ಮಾನ್ಯತೆ ಮುಂದುವರಿಸಬಹುದು. ಕಿಟಕಿಗಳಿಗೆ ಗಾಜು ಹಾಕಿಸತಕ್ಕದ್ದು. ಚಹಾ ಹೊರಗಿನಿಂದ ತರಿಸತಕ್ಕದ್ದು."

ಒಂದು ವಾರದ ನಂತರ ಕಾಲೇಜಿಗೆ ಎರಡು ಪತ್ರ ಬಂದವು. ಬೆಳೆಗಾರರ ಸಮಿತಿಯದೊಂದು: ಪ್ರಯೋಗಶಾಲೆಯನ್ನು ಉಳಿಸಿಕೊಟ್ಟ ಕಾಲೇಜು ಅಧ್ಯಕ್ಷರಿಗೆ ಹೃತ್ಪೂರ್ವಕ ಅಭಿನಂದನೆ. ಲಾರಿ ಮಾಲೀಕರ ಸಂಘದ್ದೊಂದು: ಮಕ್ಕಳ ಆರೋಗ್ಯವನ್ನು ಕಡೆಗಣಿಸಿದ ಕಾಲೇಜು ಅಧ್ಯಕ್ಷರಿಗೆ ಉಗ್ರ ಖಂಡನೆ. ಎರಡಕ್ಕೂ ಸಹಿ ಅದೇ. ಎರಡರ ಮೇಲೂ "ನೋಡಿದೆ" ಎಂದು ಕಾಲೇಜಿನ ಅಧ್ಯಕ್ಷರ ಸಹಿಯೂ ಬಿದ್ದಿತ್ತು, ಅದೂ ಅದೇ.

ಅಟೆಂಡರ್ ಅಣ್ಣ ಎರಡನ್ನೂ ಹಿಡಿದು ಬಂದ. "ಮೇಡಂ, ಇವನ್ನ ಯಾವ ಫೈಲಿನಾಗ ಇಡ್ಲಿ?"

"ಫೈಲ್ ಯಾಕೆ ಅಣ್ಣಾ? ಗ್ಲೈಸಿನ್ ಬಾಟ್ಲಿ ಖಾಲಿ ಇದೆಯಲ್ಲ. ಅದರಲ್ಲಿ ಹಾಕಿ ಮುಚ್ಚಳ ಬಿಗಿ ಮಾಡು. ಲೇಬಲ್ ಬದಲಾಯಿಸೋದು ಬೇಡ."